ಪರದೇಶದ ಸರ್ಕಾರದ ಮೇಲೆ ನಾಗಮಂಗಲದಲ್ಲಿ ಹಾಕಿದ ದಾವೆ

ನಾಗಮಂಗಲದ ಕೋರ್ಟಿನ ಅಮೀನರು ಸಮನ್ಸಿನ ಕಾಗದವನ್ನು ಎರಡು ಸಲ ಹಿಂದೆ ಮುಂದೆ ತಿರುಗಿಸಿ ನೋಡಿದರು. ಪ್ರತಿವಾದಿಯ ಜಾಗದಲ್ಲಿ ಮನುಷ್ಯರ ಹೆಸರಿರಲಿಲ್ಲ, ಒಂದು ದೇಶದ ಹೆಸರಿತ್ತು. ಪಾಲು, ಗಡಿ, ಜೀವನಾಂಶ ಎಂದು ಹಳ್ಳಿ ಹಳ್ಳಿಗೆ ಸೈಕಲ್ ತುಳಿದು ನೋಟಿಸು ಮುಟ್ಟಿಸುವುದರಲ್ಲೇ ತಲೆ ನೆರೆತ ಮನುಷ್ಯ ಅವರು.

"ಲಾಯ್ರಮ್ಮ, ಇದ ಯಾರ ಮನೆ ಬಾಗ್ಲಿಗೆ ಅಂಟ್ಸಾನ?" ಎಂದರು.

ಕಚೇರಿಯವರೆಲ್ಲ ನಕ್ಕರು. ಇದು ಬಾಗಿಲಿಗೆ ಅಂಟಿಸುವುದಲ್ಲ, ರಿಜಿಸ್ಟರ್ಡ್ ಅಂಚೆಯಲ್ಲಿ ದೆಹಲಿಯ ರಾಯಭಾರ ಕಚೇರಿಗೆ ಹೋಗುವಂಥದ್ದು ಎಂದು ನಾನು ಮುಖ ಬಿಗಿದುಕೊಂಡು ಹೇಳಿದೆ. ಒಳಗೊಳಗೆ ಹೆಮ್ಮೆಯಾಗುತ್ತಿತ್ತು. ಆ ತಾಲ್ಲೂಕಿನಲ್ಲಿ ಅಂಥ ದಾವೆಯನ್ನು ಯಾರೂ ಹಾಕಿರಲಿಲ್ಲ. ಯಾಕೆ ಹಾಕಿರಲಿಲ್ಲ ಎಂದು ನಾನು ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳಲಿಲ್ಲ.

ಅದು ತೊಂಬತ್ತರ ದಶಕದ ನಡುಭಾಗ. ನಾನು ಕಪ್ಪು ಕೋಟು ತೊಟ್ಟು ಎರಡು ವರ್ಷವೂ ತುಂಬಿರಲಿಲ್ಲ. ಅರಕೆರೆಯಲ್ಲಿ ನಮ್ಮಪ್ಪ ನೀರುಗಂಟಿ. ನಾಲೆಯ ತೂಬು ಎತ್ತಿ ಸರದಿಯ ಮೇಲೆ ಗದ್ದೆಗಳಿಗೆ ನೀರು ಬಿಡುವ ಕೆಲಸ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಬೆಳಗಿನ ಮೊದಲ ಬಸ್ಸಿಗೆ ಶ್ರೀರಂಗಪಟ್ಟಣಕ್ಕೆ ಬಂದು, ಅಲ್ಲಿಂದ ಮೈಸೂರಿಗೆ ಹೋಗಿ, ಸೀನಿಯರ್ ಹುಡುಗಿಯರು ಕೊಟ್ಟ ಹಳೇ ಪುಸ್ತಕಗಳಲ್ಲಿ ಓದಿ ಕಾನೂನು ಪಾಸು ಮಾಡಿದೆ. ಇದನ್ನು ಹೇಳಿಕೊಳ್ಳುವುದಕ್ಕೆ ನನಗೆ ಸಂಕೋಚವಿಲ್ಲ. ನನ್ನ ವಕೀಲಿ ಸನ್ನದಿಗೆ ಅಪ್ಪ ಕಟ್ಟು ಹಾಕಿಸಿ ನಡುಮನೆಯಲ್ಲಿ ದೇವರ ಪಟಗಳ ಸಾಲಿನಲ್ಲೇ ತೂಗುಹಾಕಿದ್ದರು. ಅವರಿಗೆ ಅದರ ಒಂದಕ್ಷರ ಓದಲು ಬರುತ್ತಿರಲಿಲ್ಲ. ಮನೆಗೆ ಬಂದವರನ್ನೆಲ್ಲ ಅದರ ಮುಂದೆ ನಿಲ್ಲಿಸುತ್ತಿದ್ದರು.

ಆಗ ನಾನು ಪಾಂಡವಪುರದಲ್ಲಿ ಒಂದು ರೂಮು ಮಾಡಿಕೊಂಡಿದ್ದೆ. ನನ್ನ ಸೀನಿಯರ್ ಲಾಯರು ಇದ್ದದ್ದು ಶ್ರೀರಂಗಪಟ್ಟಣದ ಕೋಟೆಯೊಳಗೆ, ಕೆಲಸ ಎರಡು ಮೂರು ತಾಲ್ಲೂಕುಗಳ ಕೋರ್ಟಿನಲ್ಲಿ. ಒಂದು ಮಧ್ಯಾಹ್ನ ಅವರ ಆಫೀಸಿಗೆ ನಾಗಮಂಗಲದಿಂದ ಎಪ್ಪತ್ತು ದಾಟಿದ ಒಬ್ಬರು ಬಂದರು. ಎರಕದ ಕೆಲಸದ ಆಚಾರ್ರು. ಮೇಣದಲ್ಲಿ ಮೂರ್ತಿ ಮಾಡಿ, ಅದರ ಸುತ್ತ ಮಣ್ಣು ಮೆತ್ತಿ, ಮೇಣ ಕರಗಿಸಿ, ಆ ಟೊಳ್ಳಿಗೆ ಕಾದ ಲೋಹ ಸುರಿದು ದೇವರ ವಿಗ್ರಹ ಮಾಡುವ ಮನೆತನ. ಅವರ ಊರಿನ ಲಾಯರುಗಳು ಯಾರೂ ಆ ಕೇಸು ಮುಟ್ಟಿರಲಿಲ್ಲ. ಸೀನಿಯರ್ ಎಲ್ಲ ಕೇಳಿಕೊಂಡು, ಕಿಟಕಿಯಾಚೆ ಕೋಟೆ ಗೋಡೆಯ ಕಡೆ ಕೈ ತೋರಿಸಿ, ಈ ಊರಿಂದ ಲೂಟಿಯಾಗಿ ಹಡಗು ಹತ್ತಿದ್ದು ಯಾವುದು ವಾಪಸ್ಸು ಬಂದಿದೆ ಅಂತ ನನ್ನ ಹತ್ರ ಬಂದ್ರಿ ಆಚಾರ್ರೇ ಎಂದು ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, ನೀನು ನೋಡಮ್ಮ, ಕಲಿಯೋಕೆ ಒಳ್ಳೇದು ಎಂದರು. ನಾನು ಫೈಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡೆ.

ಆಚಾರ್ರು ಹೇಳಿದ ಸಂಗತಿ ಇಷ್ಟು.

ಕೆ.ಆರ್. ಪೇಟೆ ತಾಲ್ಲೂಕಿನ ಸಿಂಧಘಟ್ಟದ ಒಂದು ಗುಡಿಯಲ್ಲಿ ಅಮ್ಮನ ಕಲ್ಲಿನ ಮೂರ್ತಿ ಇತ್ತು, ಹೊರಗೆ ಕರೆದೊಯ್ಯುವ ಉತ್ಸವಮೂರ್ತಿ ಇರಲಿಲ್ಲ. ಊರವರು ಸೇರಿ ಒಂದು ಮೂರ್ತಿ ಎರಕ ಹೊಯ್ಯಿಸುವುದೆಂದು ತೀರ್ಮಾನಿಸಿದರು. ಒಡೆದ ಕಂಚಿನ ಊಟದ ತಣಿಗೆ, ಸೀಳಿದ ಗಂಟೆ, ಅಜ್ಜಿ ಕಾಲದ ಚೊಂಬು ಎಂದು ಮನೆ ಮನೆಯಿಂದ ಮೂಟೆ ಕಟ್ಟಿ ಆಚಾರ್ರಿಗೆ ತಂದುಕೊಟ್ಟರು. ಆಚಾರ್ರು ಒಂದೂವರೆ ವರ್ಷ ಕೂತು ಮೊಣಕೈ ಉದ್ದದ ಅಮ್ಮನನ್ನು ಮಾಡಿದರು. ಅಷ್ಟರಲ್ಲಿ ಗುಡಿಯ ಗೋಡೆ ಬಿಚ್ಚಿ ಕಟ್ಟುವ ಕೆಲಸ ನಿಂತುಹೋಯಿತು. ಗುಡಿ ಮುಗಿಯುವವರೆಗೂ ಅಮ್ಮ ನಿಮ್ಮ ಮನೆಯಲ್ಲೇ ಇರಲಿ ಎಂದರು ಊರವರು.

ಆ ದಿನಗಳಲ್ಲೇ ಒಂದು ಪರದೇಶದ ರಾಯಭಾರ ಕಚೇರಿಯ ಕಲಾ ವಿಭಾಗದ ಅಧಿಕಾರಿ ಕಾರಿನಲ್ಲಿ ಬಂದ. ಜೊತೆಗೆ ದುಭಾಷಿ, ಫೋಟೋ ತೆಗೆಯುವವನು. ನಮ್ಮ ರಾಜಧಾನಿಯಲ್ಲಿ ಪ್ರದರ್ಶನವಿದೆ, ಆರು ತಿಂಗಳಿಗೆ ಕೊಡಿ, ಹುಷಾರಾಗಿ ವಾಪಸ್ಸು ಮುಟ್ಟಿಸುತ್ತೇವೆ ಎಂದರು. ಆಚಾರ್ರು ಸಿಂಧಘಟ್ಟದವರನ್ನು ಕೇಳಿದರು. ನಮ್ಮಮ್ಮನೂ ಲೋಕ ನೋಡ್ಕೊಂಡು ಬರಲಿ ಎಂದು ಅವರೂ ಒಪ್ಪಿದರು. ಅಧಿಕಾರಿ ಒಂದು ಕಾಗದ ಮುಂದೆ ಹಿಡಿದಾಗ ಆಚಾರ್ರು, ದೇವರಿಗೆ ರಸೀತಿ ಬರೆಸಿಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ ಎಂದು ಅದನ್ನು ಹಿಂದಕ್ಕೆ ತಳ್ಳಿದರು. ಆರು ತಿಂಗಳಾಯಿತು, ವರ್ಷವಾಯಿತು. ಸಿಂಧಘಟ್ಟದ ಮೇಷ್ಟರೊಬ್ಬರಿಂದ ಇಂಗ್ಲಿಷಿನಲ್ಲಿ ಪತ್ರ ಬರೆಸಿದರು. ಕೊನೆಗೊಂದು ಉತ್ತರ ಬಂತು. ಆ ಕಲಾಕೃತಿ ತಮ್ಮ ರಾಷ್ಟ್ರೀಯ ಸಂಗ್ರಹದ ಆಸ್ತಿ, ಅದನ್ನು ತಮಗೆ ಕಾಣಿಕೆಯಾಗಿ ಕೊಡಲಾಗಿದೆ, ವಾಪಸ್ಸು ಮಾಡುವ ಪ್ರಶ್ನೆಯಿಲ್ಲ ಎಂದು.

ಆ ಉತ್ತರ ಬಂದ ದಿನದಿಂದ ಮೂರು ವರ್ಷದೊಳಗೆ ದಾವೆ ಹಾಕಬೇಕು. ಆಚಾರ್ರು ನನ್ನ ಮುಂದೆ ಕೂತಾಗ ಎರಡು ವರ್ಷ ಆಗಲೇ ಹೋಗಿತ್ತು.

ವಕಾಲತ್ತಿಗೆ ಸಹಿ ಹಾಕುವಾಗ ಅವರ ಬಲಗೈ ಸಣ್ಣಗೆ ನಡುಗುತ್ತಿತ್ತು. ಎಡಗೈಯಲ್ಲಿ ಮಣಿಕಟ್ಟು ಹಿಡಿದುಕೊಂಡು ಹೆಸರು ಬರೆದರು. ನಾನು ನೋಡಿದ್ದನ್ನು ಅವರೂ ನೋಡಿದರು.

"ಅವ್ವಾ, ಒಂದ್ ಮಾತು. ಅಮ್ಮಂಗಿನ್ನೂ ಕಣ್ ಬಿಡ್ಸಿಲ್ಲ. ಮಾಡ್ದ ಕೈಯೇ ಬಿಡಿಸ್ಬೇಕು. ಇನ್ನೊಬ್ರು ಉಳಿ ಇಟ್ರೆ ಕರಗ್ಸಿ ಮತ್ತೆ ಹೊಯ್ಬೇಕಾಯ್ತದೆ. ಈ ಕೈ ಎಷ್ಟ್ ದಿನ ನಿಂತದೋ ನಂಗೊತ್ತಿಲ್ಲ."

ವಿಗ್ರಹ ಪೂರ್ತಿ ಮುಗಿದ ಮೇಲೂ ಕಣ್ಣಿನ ಜಾಗವನ್ನು ನುಣ್ಣಗೆ ಬಿಟ್ಟಿರುತ್ತಾರೆ. ಗುಡಿಗೆ ಒಪ್ಪಿಸುವ ಹೊತ್ತಿಗೆ ಬಂಗಾರದ ತುದಿಯ ಉಳಿಯಲ್ಲಿ ಕಣ್ಣಿನ ಗೆರೆ, ಪಾಪೆ ಕೊರೆಯುತ್ತಾರೆ. ಅದೇ ಕಣ್ಣು ಬಿಡಿಸುವುದು. ಅವರ ಮಗ ಸಕ್ಕರೆ ಕಾರ್ಖಾನೆಗೆ ಸೇರಿ ಎರಕ ಬಿಟ್ಟಿದ್ದ. ಅಮ್ಮನೇ ಅವರ ಕೈಯ ಕೊನೆಯ ಕೆಲಸ. ಬೇಗ ಮಾಡೋಣ ಆಚಾರ್ರೇ, ಒಳ್ಳೆ ಕೇಸಿದೆ ಎಂದು ನಾನು ಹೇಳಿದೆ. ಒಳ್ಳೆಯ ಕೇಸೇ. ಕೊಟ್ಟ ಜಾಗ ನಾಗಮಂಗಲ, ಕೊಟ್ಟವರು ಇದ್ದಾರೆ, ನೋಡಿದ ಸಾಕ್ಷಿಗಳಿದ್ದಾರೆ. ಹದಿನೈದು ದಿನ ಕೂತು ವಾದಪತ್ರ ಬರೆದೆ. ಸೀನಿಯರ್ ಸಹಿ ಮಾಡುವಾಗ ಕೊನೇ ಹಾಳೆ ಮಾತ್ರ ನೋಡಿದರು.

ಮೊದಲ ಹಿಯರಿಂಗಿಗೆ ಬೆಂಗಳೂರಿನಿಂದ ಆ ದೇಶದ ಪರವಾಗಿ ಒಬ್ಬ ಲಾಯರು ಬಂದಿದ್ದರು. ಆಚಾರ್ರು ಒಗೆದ ಪಂಚೆ ಉಟ್ಟು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಸಿಂಧಘಟ್ಟದಿಂದ ಊರ ಯಜಮಾನರು ಬೆಳಗಿನ ಬಸ್ಸಿಗೇ ಬಂದಿದ್ದರು. ಬೆಂಗಳೂರಿನವರು ಎದ್ದು ನಿಂತು ಮೂರು ವಾಕ್ಯ ಹೇಳಿದರು. ಪರದೇಶದ ಸರ್ಕಾರದ ಮೇಲೆ ಭಾರತದ ಯಾವ ಕೋರ್ಟಿನಲ್ಲಿ ದಾವೆ ಹಾಕಬೇಕಾದರೂ ಕೇಂದ್ರ ಸರ್ಕಾರದ ಲಿಖಿತ ಒಪ್ಪಿಗೆ ಮೊದಲು ಇರಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ ಎಂಬತ್ತಾರನೇ ಕಲಂ. ವಾದಿಯ ಬಳಿ ಅದಿಲ್ಲ.

ನ್ಯಾಯಾಧೀಶರು ನನ್ನ ಕಡೆ ನೋಡಿದರು. ಒಪ್ಪಿಗೆ ಪಡೆದಿದ್ದೀರಾ ಎಂದು ಕೇಳಿದರು. ದನಿ ಕಠಿಣವಾಗಿರಲಿಲ್ಲ. ಅದೇ ನನಗೆ ಇನ್ನೂ ಕಷ್ಟವಾಯಿತು. ನನ್ನ ಪುಸ್ತಕದಲ್ಲಿ ಆ ಕಲಂ ಇದ್ದ ಪುಟದ ನೆತ್ತಿಯ ಮೇಲೆ, ನನಗಿಂತ ಮುಂಚೆ ಓದಿದ ಯಾವಳೋ ಪೆನ್ಸಿಲಿನಲ್ಲಿ 'ಪರೀಕ್ಷೆಗೆ ಬರಲ್ಲ' ಎಂದು ಬರೆದಿದ್ದಳು. ನಾನು ಆ ಪುಟವನ್ನು ಒಂದು ಸಲವೂ ಓದಿರಲಿಲ್ಲ.

ವಾದಪತ್ರ ತಿರಸ್ಕೃತವಾಯಿತು. ಹತ್ತು ನಿಮಿಷವೂ ಹಿಡಿಯಲಿಲ್ಲ. ಹೊರಗೆ ಬೇವಿನ ಮರದ ಕೆಳಗೆ ಆಚಾರ್ರು, ನಮ್ಮದು ಯಾವಾಗ ಕರೀತಾರವ್ವ ಎಂದು ಕೇಳಿದರು. ಕರೆದು ಮುಗಿದಿದೆ ಎನ್ನುವುದು ಅವರಿಗೆ ತಿಳಿದಿರಲಿಲ್ಲ. ನಾನು ಹೇಳಿದೆ. ತಪ್ಪು ನನ್ನದು ಎಂದೂ ಹೇಳಿದೆ. ಯಜಮಾನರು ಟವಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು.

"ಅಂಗಾರೆ ಅವರು ನಮ್ಮ ಅಮ್ಮನ್ನ ಮಡಿಕಳಕೆ ಯಾರ ಒಪ್ಗೆನೂ ಬ್ಯಾಡ. ನಾವು ಕೊಡ್ರಪ್ಪ ಅನ್ನಕೆ ಡೆಲ್ಲಿಯೋರ ಒಪ್ಗೆ ಬೇಕು. ಅಲ್ವಾ ಲಾಯ್ರಮ್ಮ?"

ಒಂದು ದೇಶ ಇನ್ನೊಂದು ದೇಶದ ನ್ಯಾಯಪೀಠದ ಮುಂದೆ ಕೈಕಟ್ಟಿ ನಿಲ್ಲಬಾರದು, ಹಾಗೆ ನಿಲ್ಲಿಸಿದರೆ ನಾಳೆ ನಮ್ಮ ದೇಶವನ್ನೂ ಅವರು ನಿಲ್ಲಿಸುತ್ತಾರೆ ಎಂಬುದು ಆ ಕಲಮಿನ ಹಿಂದಿನ ಲೆಕ್ಕಾಚಾರ. ಪುಸ್ತಕದಲ್ಲಿ ಓದಿದರೆ ಸರಿ ಎನ್ನಿಸುತ್ತದೆ. ಬೇವಿನ ಮರದ ಕೆಳಗೆ ಅದನ್ನು ಹೇಳಲು ನನ್ನಿಂದ ಆಗಲಿಲ್ಲ.

ಸೀನಿಯರ್ ಬೈಯಲಿಲ್ಲ. ನಾನೂ ಓದದೆ ಸಹಿ ಹಾಕಿದೆ ಎಂದರು. ತಪ್ಪು ಕೋರ್ಟಿನಲ್ಲಿ, ತಪ್ಪು ದಾರಿಯಲ್ಲಿ ಕಳೆದ ಕಾಲವನ್ನು ಮೂರು ವರ್ಷದಿಂದ ಬಿಟ್ಟು ಲೆಕ್ಕ ಹಾಕಬಹುದು ಎಂದು ಕಾನೂನು ಹೇಳುತ್ತದೆ. ಆದರೆ ಎಚ್ಚರದಿಂದ ನಡೆದುಕೊಂಡಿದ್ದರೆ ಮಾತ್ರ. "ನೀನು ಎಚ್ಚರದಿಂದ ಇದ್ದೆ ಅಂತ ನೀನೇ ಕೋರ್ಟಿಗೆ ಹೇಳಬೇಕಾಗುತ್ತಮ್ಮ. ಹೇಳ್ತೀಯಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಊಟಕ್ಕೆ ಎದ್ದು ಹೋದರು. ದೆಹಲಿಯ ಒಪ್ಪಿಗೆಗೆ ಕಾಯುವ ಕಾಲವನ್ನೂ ಬಿಟ್ಟು ಲೆಕ್ಕ ಹಾಕಬಹುದಿತ್ತು. ಆದರೆ ಆಚಾರ್ರ ಕೈಗೆ ಇದ್ಯಾವ ರಿಯಾಯಿತಿಯೂ ಅನ್ವಯಿಸುತ್ತಿರಲಿಲ್ಲ.

ಅರ್ಜಿ ದೆಹಲಿಗೆ ಹೋಯಿತು. ಆಮೇಲೆ ಶುರುವಾಯಿತು ಕಾಯುವುದು.

ಪಾಂಡವಪುರದ ಅಂಚೆಯವರು ಹನ್ನೊಂದು ಗಂಟೆಗೆ ನಮ್ಮ ಬೀದಿಗೆ ಬರುತ್ತಿದ್ದರು, ನಾನು ಆ ಹೊತ್ತಿಗೆ ಕೋರ್ಟಿನಲ್ಲಿರಬೇಕು. ಸಂಜೆ ಬೀಗ ತೆಗೆಯುವಾಗ ಮೊದಲು ಕಣ್ಣು ಹೋಗುತ್ತಿದ್ದುದು ಬಾಗಿಲ ಸಂದಿಯ ಕೆಳಗೆ. ಮೂರು ತಿಂಗಳಿಗೆ ಅರ್ಜಿ ತಲುಪಿದೆ ಎಂಬ ಒಂದು ಕಾರ್ಡು ಬಂತು. ಐದನೇ ತಿಂಗಳಿಗೆ ಅರ್ಜಿ ಪರಿಶೀಲನೆಯಲ್ಲಿದೆ ಎಂದು. ಬೇರೆ ಕೇಸುಗಳ ವಾದಪತ್ರವನ್ನು ನಾಲ್ಕು ನಾಲ್ಕು ಸಲ ಓದುತ್ತಿದ್ದೆ, ಇನ್ನೆಲ್ಲಿ ಯಾವ ಕಲಂ ಬಿಟ್ಟಿದ್ದೇನೋ ಎಂದು. ಅರಕೆರೆಗೆ ಹೋದಾಗ ಅಪ್ಪ ನನ್ನ ಮುಖ ನೋಡಿ ವಿಷಯ ಬಿಡಿಸಿ ಕೇಳಿದರು. ಎಲ್ಲವನ್ನೂ ಕೇಳಿಸಿಕೊಂಡರು.

"ಕೊನೇ ಗದ್ದೆಯೋನು ನನ್ನತ್ರ ಬತ್ತಾನಲ್ಲ ಮಗಾ, ನೀರ್ ಬುಡಣ್ಣ ಅಂತವ. ಒಂದ್ ದಪ ಬಂದೋನ ನಾನೂ ಮರ್ತೋಯ್ತೀನಿ. ದಿನಾ ಬಂದ್ ನಿಂತ್ಕತಾನಲ್ಲ, ಅವನ್ಗೆ ಬುಡ್ತೀನಿ. ನೀನೂ ಬರೀತಾನೇ ಇರು."

ಬರೆಯುತ್ತಲೇ ಇದ್ದೆ. ಹದಿನೈದು ದಿನಕ್ಕೊಂದು ಜ್ಞಾಪನಾ ಪತ್ರ. ತಿಂಗಳಿಗೊಂದು ಸಲ ನಾಗಮಂಗಲದ ಬಸ್ಸು ಹತ್ತಿ ಆಚಾರ್ರ ಮನೆಗೆ ಹೋಗಿ ಏನೂ ಬಂದಿಲ್ಲ ಎಂದು ಹೇಳಿ ಬರುತ್ತಿದ್ದೆ. ಬಸ್ಸಿನಲ್ಲಿ ಹೊಣಕೆರೆ ಕಡೆಯ ಹೆಂಗಸರು ಸಂತೆಯ ಮಾತಾಡುತ್ತಿದ್ದರು, ನನ್ನ ಕಿವಿಗೆ ಏನೂ ಬೀಳುತ್ತಿರಲಿಲ್ಲ. ಮನೆಯೊಳಕ್ಕೆ ಹೋದರೆ ನಾನು ಮೊದಲು ನೋಡುತ್ತಿದ್ದುದು ಆಚಾರ್ರ ಬಲಗೈಯನ್ನು. ಅವರಿಗೂ ಗೊತ್ತಿತ್ತು. ಆ ಕೈಯನ್ನು ಪಂಚೆಯ ಮಡಿಕೆಯಲ್ಲಿ ಇಟ್ಟುಕೊಂಡು ಮಾತಾಡುತ್ತಿದ್ದರು. ಒಂದು ಸಲ ಅವರ ಸೊಸೆ ನನ್ನನ್ನು ಬಸ್ ಸ್ಟ್ಯಾಂಡಿನವರೆಗೂ ಬಿಡಲು ಬಂದು, ಮಾವ ಈಗೀಗ ಕಾಫಿ ಲೋಟ ಎರಡೂ ಕೈಯಲ್ಲಿ ಹಿಡಿಯುತ್ತಾರಕ್ಕ, ಬೆಳಗಿನ ಹೊತ್ತು ಪರವಾಗಿಲ್ಲ, ಬಿಸಿಲೇರಿದರೆ ಆಗುವುದಿಲ್ಲ ಎಂದು ತಗ್ಗಿದ ದನಿಯಲ್ಲಿ ಹೇಳಿದಳು. ದಿನಾ ಎದ್ದು ಒಂದು ಹಿತ್ತಾಳೆ ತಗಡಿನ ಮೇಲೆ ಕಣ್ಣು ಕೊರೆದು ಅಭ್ಯಾಸ ಮಾಡುತ್ತಾರಂತೆ. ಆ ತಗಡುಗಳನ್ನು ನನಗೆ ತೋರಿಸಬಾರದೆಂದು ಹೇಳಿದ್ದಾರಂತೆ.

ಏಳನೇ ತಿಂಗಳಿಗೆ ದೆಹಲಿಯಿಂದ ದಪ್ಪ ಲಕೋಟೆ ಬಂತು. ಒಪ್ಪಿಗೆಯಲ್ಲ. ಒಪ್ಪಿಗೆ ನಿರಾಕರಿಸುವ ಮುಂಚೆ ಅರ್ಜಿದಾರರ ಮಾತು ಕೇಳಬೇಕೆಂಬ ನಿಯಮವಿದೆ. ಆದ್ದರಿಂದ ನಿಮ್ಮ ವಿವರಣೆ ಕಳಿಸಿ ಎಂದಿತ್ತು. ಅಂದರೆ ನಿರಾಕರಿಸಲು ಹೊರಟಿದ್ದಾರೆ. ಕಾರಣವಾಗಿ ಆ ದೇಶದವರು ಕೊಟ್ಟಿದ್ದ ಒಂದು ಫೋಟೋದ ಪ್ರತಿಯನ್ನು ಲಗತ್ತಿಸಿದ್ದರು.

ಫೋಟೋದಲ್ಲಿ ಆಚಾರ್ರು ತಮ್ಮ ಮನೆಯ ಹೊಸಿಲ ಬಳಿ ನಿಂತಿದ್ದಾರೆ. ಎರಡೂ ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ಅಮ್ಮ. ಅಮ್ಮನ ಪಾದದ ಹತ್ತಿರ ಎಲೆ, ಅಡಿಕೆ, ಹೂವು. ಎದುರಿಗೆ ಆ ಅಧಿಕಾರಿ ತಲೆ ಬಾಗಿಸಿ ತಟ್ಟೆಗೆ ಕೈಯೊಡ್ಡಿದ್ದಾನೆ. ಕೆಳಗೆ ಅವರ ಟಿಪ್ಪಣಿ: ಸ್ಥಳೀಯ ಸಂಪ್ರದಾಯದಂತೆ ವಿಧ್ಯುಕ್ತವಾಗಿ ಮಾಡಿದ ಕೊಡುಗೆ.

ಎಲೆಅಡಿಕೆ ಇಟ್ಟು ಕೊಟ್ಟರೆ ಕೊಟ್ಟ ಹಾಗೆಯೇ ಎಂದು ನಮ್ಮೂರಿನಲ್ಲಿ ಎಂಥವರೂ ಹೇಳುತ್ತಾರೆ. ಎಮ್ಮೆ ಕೊಂಡರೂ ಹೆಣ್ಣು ಒಪ್ಪಿದರೂ ಅದೇ ಕೊನೆಯ ಮಾತು. ರಸೀತಿಯನ್ನು ಹಿಂದಕ್ಕೆ ತಳ್ಳಿದ ಮನುಷ್ಯ ತಾಂಬೂಲ ಇಟ್ಟು ಕಳಿಸಿದ್ದಾರೆ. ಇದಕ್ಕಿಂತ ದೊಡ್ಡ ಸಾಕ್ಷಿಯನ್ನು ನಾವೇ ಅವರ ಕೈಗೆ ಕೊಟ್ಟಹಾಗಾಗಿತ್ತು.

ಮಾರನೆಯ ದಿನ ಕೋರ್ಟು ಬಿಟ್ಟು ನಾಗಮಂಗಲಕ್ಕೆ ಓಡಿದೆ. ಯಾಕೆ ಹೇಳಲಿಲ್ಲ ಎಂದು ಸ್ವಲ್ಪ ದನಿಯೇರಿಸಿಯೇ ಕೇಳಿದೆ. ಆಚಾರ್ರಿಗೆ ನನ್ನ ಗಾಬರಿ ಅರ್ಥವೇ ಆಗಲಿಲ್ಲ. ಹೊಸಿಲು ದಾಟುವ ದೇವರನ್ನು ಬರಿಗೈಯಲ್ಲಿ ಕಳಿಸುತ್ತಾರಾ? ತವರಿಂದ ಹೊರಟ ಮಗಳಿಗೂ ಎಲೆಅಡಿಕೆ ಇಟ್ಟು ಕಳಿಸುತ್ತೇವೆ. ಅವಳು ವಾಪಸ್ಸು ಬರುವುದೇ ಬೇಡ ಎಂದೇ? ಅವರು ಕೇಳಿದ್ದು ಸರಿಯಾಗಿತ್ತು. ಆದರೆ ದೆಹಲಿಯ ಮೇಜಿನ ಹಿಂದೆ ಕೂತವರಿಗೆ ಇದನ್ನು ಹೇಗೆ ಹೇಳುವುದು?

ಅವರು ಫೋಟೋವನ್ನು ಬೆಳಕಿಗೆ ಹಿಡಿದರು. ತಾವು ಮಾಡಿದ ಮೂರ್ತಿಯನ್ನು ನಾಲ್ಕು ವರ್ಷಕ್ಕೂ ಮೇಲಾದ ನಂತರ ನೋಡುತ್ತಿದ್ದರು. ಆಮೇಲೆ ಬೆರಳಿನಿಂದ ಅಮ್ಮನ ಮುಖ ಮುಟ್ಟಿದರು.

"ಕಣ್ಣೇ ಬಿಡ್ಸಿಲ್ವಲ್ಲವ್ವ. ಕಣ್ ಬಿಡಿಸ್ದೆ ನಾವು ಯಾರ್ಗಾರೂ ಕೊಡದುಂಟಾ? ನಮ್ಮಪ್ಪ ಕೊಟ್ಟಿಲ್ಲ, ನಮ್ ತಾತ ಕೊಟ್ಟಿಲ್ಲ. ತಕಳೋರು ಎದ್ರುಗೆ ನಿಂತಿರ್ಬೇಕು, ಆಗ ಬಿಡ್ಸದು. ಅಲ್ಲಿಗಂಟ ಅದು ನನ್ ಕೆಲ್ಸ, ನನ್ ಮನೇದು."

ಇಷ್ಟು ತಿಂಗಳಿಂದ ಅವರು ಕಣ್ಣು ಬಿಡಿಸಿಲ್ಲ, ಬಿಡಿಸಿಲ್ಲ ಎಂದು ಹೇಳುತ್ತಲೇ ಇದ್ದರು. ನಾನು ಅದನ್ನು ಮುದುಕರ ಹಂಬಲ ಎಂದು ಕೇಳಿಸಿಕೊಂಡಿದ್ದೆ, ಸಾಕ್ಷಿ ಎಂದು ಕೇಳಿಸಿಕೊಂಡಿರಲಿಲ್ಲ. ಆ ಮನೆಯಿಂದ ವಿಗ್ರಹ ಕೊಂಡ ಗುಡಿಗಳು ಸುತ್ತಮುತ್ತ ಎಷ್ಟೋ ಇದ್ದವು. ಮುಂದಿನ ಮೂರು ವಾರ ನಾನೂ ಸಿಂಧಘಟ್ಟದ ಯಜಮಾನರೂ ಸೇರಿ ಅಲೆದೆವು. ಕಣ್ಣು ಬಿಡಿಸಿದ ಮೇಲೇ ವಿಗ್ರಹ ನಮ್ಮದಾಯಿತು, ಅಲ್ಲಿಯವರೆಗೂ ಅದು ಆಚಾರ್ರ ಮನೆಯದ್ದು ಎಂದು ಪೂಜಾರಿಗಳಿಂದ, ಊರ ಹಿರಿಯರಿಂದ ಪ್ರಮಾಣಪತ್ರ ಬರೆಸಿದೆವು. ಯಜಮಾನರ ಬಾಯಿ ದಾರಿಯುದ್ದಕ್ಕೂ ನಿಲ್ಲುತ್ತಿರಲಿಲ್ಲ.

"ನಮ್ಮವ್ವನ ತಣಿಗೆ ಅಮ್ಮನ ಜತೇಲಿ ಇಮಾನ ಹತ್ಬುಡ್ತು ಕಣವ್ವ. ನಾನಿನ್ನೂ ಬೆಂಗ್ಳೂರ್ನೇ ಸರ್ಯಾಗಿ ನೋಡಿಲ್ಲ."

ಆ ದೇಶದವರು ಕೊಟ್ಟ ಫೋಟೋವನ್ನೇ ದೊಡ್ಡದು ಮಾಡಿಸಿದೆ. ಅಮ್ಮನ ಕಣ್ಣಿನ ಜಾಗ ಮೊಟ್ಟೆಯ ಹಾಗೆ ನುಣ್ಣಗಿದ್ದುದು ಸ್ಪಷ್ಟವಾಗಿ ಕಾಣುತ್ತಿತ್ತು. ಎಲ್ಲವನ್ನೂ ಕಟ್ಟಿ ಕಳಿಸಿದೆ. ಕಳಿಸುವ ಮುಂಚೆ ಇಪ್ಪತ್ತೆರಡು ಪುಟದ ಆ ವಿವರಣೆಯನ್ನು ನನ್ನ ಸೀನಿಯರ್ ಈ ಸಲ ಮೊದಲಿಂದ ಕೊನೆಯವರೆಗೂ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡು, ಕೊಟ್ಟೇ ಕೊಡ್ತಾರೆ ಬಿಡು ಎಂದರು.

ಎರಡು ತಿಂಗಳ ಮೇಲೆ ಬಂದದ್ದು ದೆಹಲಿಯ ಸರ್ಕಾರದ ಪತ್ರವಲ್ಲ. ಆ ದೇಶದ ರಾಯಭಾರ ಕಚೇರಿಯದ್ದು. ನಾನು ಕಳಿಸಿದ್ದನ್ನು ಸರ್ಕಾರ ಅವರಿಗೂ ಕಳಿಸಿತ್ತು ಎಂದು ಕಾಣುತ್ತದೆ. ತಮ್ಮ ದೇಶದ ಸಾರ್ವಭೌಮ ರಕ್ಷಣೆಯನ್ನು ಬಿಟ್ಟುಕೊಡದೆ, ಯಾರ ಯಾವ ಹಕ್ಕನ್ನೂ ಒಪ್ಪಿಕೊಳ್ಳದೆ, ಎರಡು ದೇಶಗಳ ಸ್ನೇಹದ ಗುರುತಾಗಿ, ಆ ಕಲಾಕೃತಿಯನ್ನು ಆಚಾರ್ರಿಗೆ ಉಡುಗೊರೆ ಕೊಡಲು ತಮ್ಮ ಸರ್ಕಾರ ಸಿದ್ಧವಿದೆ. ಒಪ್ಪಿಗೆಯ ಅರ್ಜಿಯನ್ನು ವಾಪಸ್ಸು ಪಡೆಯಬೇಕು. ಉಡುಗೊರೆಯೆಂದೇ ಸ್ವೀಕರಿಸಿದ್ದೇನೆ, ಇನ್ನು ಯಾವ ತಗಾದೆಯೂ ಇಲ್ಲ ಎಂದು ಲಗತ್ತಿಸಿದ ಕಾಗದಕ್ಕೆ ಸಹಿ ಹಾಕಬೇಕು.

ನಾನು ಅದನ್ನು ನಿಂತೇ ಓದಿದೆ. ಕದ್ದಿಟ್ಟುಕೊಂಡವರು ಈಗ ದಾನಿಗಳಾಗಲು ಹೊರಟಿದ್ದಾರೆ. ಇದಕ್ಕೆ ಸಹಿ ಹಾಕಿದರೆ ಇಷ್ಟೂ ವರ್ಷ ಅಮ್ಮ ಅವರದೇ ಆಗಿದ್ದಳೆಂದು ನಾವೇ ಬರೆದುಕೊಟ್ಟ ಹಾಗೆ. ಇನ್ನೆರಡು ತಿಂಗಳು ತಡೆದರೆ ಒಪ್ಪಿಗೆ ಬಂದೇ ಬರುತ್ತದೆ. ದಾವೆ ಹಾಕುತ್ತೇನೆ. ಅದೇ ಕೋರ್ಟಿನಲ್ಲಿ, ಅದೇ ನ್ಯಾಯಾಧೀಶರ ಮುಂದೆ, ಬೆಂಗಳೂರಿನ ಲಾಯರು ಮೂರು ವಾಕ್ಯಕ್ಕೆ ಕೂರಲಾಗದ ಹಾಗೆ ವಾದಿಸುತ್ತೇನೆ. ತೀರ್ಪಿನಲ್ಲಿ ಇದು ಇವರದು ಎಂದು ಬರೆಸುತ್ತೇನೆ.

ಪತ್ರವನ್ನು ಮಡಿಸಿ ಸಂಹಿತೆಯ ಪುಸ್ತಕದೊಳಗಿಟ್ಟೆ. ಆಚಾರ್ರಿಗೆ ತಿಳಿಸಲಿಲ್ಲ. ಸೀನಿಯರ್‌ಗೂ ತಿಳಿಸಲಿಲ್ಲ. ನಾಲ್ಕು ದಿನ.

ಆ ನಾಲ್ಕು ದಿನ ನಾನು ಮಾಡಿದ್ದೇನು ಎಂದು ಕೇಳಿದರೆ ಹೇಳುವುದು ಕಷ್ಟ. ಕೋರ್ಟಿಗೆ ಹೋದೆ, ಬಂದೆ. ಒಪ್ಪಿಗೆ ಬಂದರೆ ಹಾಕಬೇಕಾದ ಹೊಸ ವಾದಪತ್ರದ ಮೊದಲ ಪುಟಗಳನ್ನು ಬರೆದೆ, ಚೆನ್ನಾಗಿಯೇ ಬಂತು. ಕಕ್ಷಿದಾರರಿಗೆ ಬಂದ ಪ್ರಸ್ತಾಪವನ್ನು ಬಚ್ಚಿಡುವುದು ತಪ್ಪೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಐದನೆಯ ದಿನ ಬೆಳಿಗ್ಗೆ ಅಂಗಡಿಯಲ್ಲಿ ಒಬ್ಬ ಮುದುಕರು ನಡುಗುವ ಕೈಯಲ್ಲಿ ಚಿಲ್ಲರೆ ಎಣಿಸಲಾರದೆ ನಿಂತಿದ್ದನ್ನು ನೋಡಿದೆ. ರೂಮಿಗೆ ವಾಪಸ್ಸು ಬಂದು ಪತ್ರ ತೆಗೆದುಕೊಂಡು ನಾಗಮಂಗಲದ ಬಸ್ಸು ಹತ್ತಿದೆ.

ಆಚಾರ್ರಿಗೆ ಪತ್ರವನ್ನು ಸಾಲು ಸಾಲಾಗಿ ಕನ್ನಡದಲ್ಲಿ ಓದಿ ಹೇಳಿದೆ. ಸಹಿ ಹಾಕಿದರೆ ಏನು ಕಳೆದುಕೊಳ್ಳುತ್ತೇವೆ ಎಂಬುದನ್ನೂ ಹೇಳಿದೆ. ನನ್ನ ದನಿಯಲ್ಲಿ ಬೇಡ ಎನ್ನುವ ಬಯಕೆ ಇತ್ತೆಂದು ಅವರಿಗೆ ತಿಳಿದಿರಬೇಕು.

"ಉಡುಗರೆ ಅಂದ್ಕೊಳ್ಲಿ ಬುಡವ್ವ. ಅವರ ಬಾಯಿ, ಅವರ ಮಾತು. ನಂಗೆ ಅಮ್ಮ ಬೇಕು, ನಿಂಗೆ ತೀರ್ಪು ಬೇಕು. ತೀರ್ಪು ಬರಾ ಹೊತ್ಗೆ ನನ್ ಕೈ ಇರಕಿಲ್ಲ."

ಅವರು ಅದನ್ನು ಮುನಿಸಿನಿಂದ ಹೇಳಲಿಲ್ಲ. ಪತ್ರ ಯಾವಾಗ ಬಂತು ಎಂದು ಮಾತ್ರ ಸೊಸೆ ಕೇಳಿದಳು. ಈಗ್ಗೆ ಎರಡು ದಿನವಾಯಿತು ಎಂದೆ. ಸುಳ್ಳು ಹೇಳುವುದರಲ್ಲೂ ಪೂರ್ತಿ ಸುಳ್ಳು ಹೇಳಲಿಲ್ಲ ಎಂಬ ಸಮಾಧಾನ ಬೇಕಿತ್ತೇನೋ. ಆಚಾರ್ರು ಮಣಿಕಟ್ಟು ಹಿಡಿದುಕೊಂಡು ಸಹಿ ಹಾಕಿದರು.

ಅಮ್ಮ ಬರುವುದಕ್ಕೆ ಮತ್ತೆ ಏಳು ವಾರ ಹಿಡಿಯಿತು. ಮರದ ಪೆಟ್ಟಿಗೆ, ಒಳಗೆ ಮರದ ಹೊಟ್ಟು, ಮೇಲೆ ಆ ದೇಶದ ಮುದ್ರೆ. ಸಿಂಧಘಟ್ಟದ ಗುಡಿ ಅಷ್ಟರಲ್ಲಿ ಮುಗಿದಿತ್ತು. ದಿನ ನೋಡಿಸಿದರು. ಕೈ ನಿಲ್ಲುವುದು ಬೆಳಗಿನ ಹೊತ್ತೇ ಎಂದು ಸೂರ್ಯ ಹುಟ್ಟುವ ಗಳಿಗೆಯನ್ನೇ ಹಿಡಿಸಿದರು.

ಹಿಂದಿನ ಸಂಜೆಯೇ ನಾಗಮಂಗಲಕ್ಕೆ ಹೋಗಿ ಆಚಾರ್ರ ಮನೆಯಲ್ಲಿ ಉಳಿದಿದ್ದೆ. ತಕ್ಕೊಳ್ಳುವವರು ಎದುರಿಗಿರಬೇಕು ಎಂದರೂ ಎದುರಿಗೆ ಎಂದರೆ ಬಾಗಿಲಾಚೆ. ಮೊದಲ ನೋಟ ಮನುಷ್ಯರ ಮೇಲೆ ಬೀಳಬಾರದು. ಒಳಗೆ ಅಮ್ಮನ ಮುಂದೆ ಒಂದು ಕನ್ನಡಿ ನಿಲ್ಲಿಸಿ, ಆಚಾರ್ರು ಮಾತ್ರ ಪಕ್ಕದಲ್ಲಿ ಕೂರುತ್ತಾರೆ. ಕದ ಮುಚ್ಚಿದರು. ಜಗಲಿಯ ಮೇಲೆ ಯಜಮಾನರು, ಸಿಂಧಘಟ್ಟದ ನಾಲ್ಕಾರು ಜನ, ಸೊಸೆ, ನಾನು.

ಉಳಿಯ ಸದ್ದು ಕೇಳತೊಡಗಿತು. ಗಡಿಯಾರದ ಸದ್ದಿಗಿಂತ ಸಣ್ಣದು. ನಾಲ್ಕು ಏಟು, ಬಿಡುವು. ನಾಲ್ಕು ಏಟು, ಬಿಡುವು. ಸೊಸೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತಿದ್ದಳು. ಒಂದು ಕಣ್ಣು ಮುಗಿಯಿತು ಎಂದು ಅವಳು ಪಿಸುಗುಟ್ಟಿದಳು. ಎಷ್ಟು ಏಟು ಬೇಕೆಂದು ಅವಳಿಗೆ ಗೊತ್ತಿತ್ತು, ದಿನಾ ಕೇಳಿದ್ದಳಲ್ಲ. ಆಮೇಲೆ ಸದ್ದು ನಿಂತಿತು. ಬಿಸಿಲು ಎದುರು ಮನೆಯ ಹೆಂಚಿಗೆ ಬಂತು. ಸದ್ದಿಲ್ಲ. ಯಜಮಾನರು ಕೂಡ ಬಾಯಿ ಮುಚ್ಚಿಕೊಂಡು ಕದವನ್ನೇ ನೋಡುತ್ತಿದ್ದರು. ಒಂದೇ ಕಣ್ಣಿ‌ನ ಅಮ್ಮನನ್ನು ಏನು ಮಾಡುತ್ತಾರೆ? ಕರಗಿಸುತ್ತಾರೆ. ಆ ಮಾತು ಎಲ್ಲರ ಮುಖದ ಮೇಲೂ ಇತ್ತು.

ಒಂದು ಏಟು. ಬಹಳ ಹೊತ್ತು ಬಿಟ್ಟು ಇನ್ನೊಂದು. ಒಂದೊಂದೇ, ತಡೆದು ತಡೆದು. ನಾನು ಎಣಿಸುವುದನ್ನು ನಿಲ್ಲಿಸಿದೆ.

ಕದ ತೆರೆದಾಗ ಆಚಾರ್ರು ಬೆವೆತು ಹೋಗಿದ್ದರು. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದರು, ಬಚ್ಚಿಡಲಿಲ್ಲ. ಸೊಸೆ ಕೊಟ್ಟ ನೀರು ಕುಡಿದು, ಯಜಮಾನರ ಕಡೆ ನೋಡದೆಯೇ ಹೇಳಿದರು.

"ಆಯ್ತು. ಬಲಗಣ್ ವಸಿ ದೊಡ್ಡದಾಗೋಯ್ತು. ಕೈ ಜಾರ್ತು."

ಯಜಮಾನರು ಒಳಗೆ ಹೋಗಿ, ಕೈಮುಗಿದು, ಬಗ್ಗಿ ನೋಡಿ ಹೊರಗೆ ಬಂದರು.

"ಆಗ್ಲಿ ಬುಡಿ ಆಚಾರ್ರೇ. ನಮ್ಮೂರ್ ಜನಾನ ಒಂದ್ ಕಣ್ಣ ವಸಿ ದೊಡ್ಡದ್ಮಾಡ್ಕಂಡೇ ನೋಡ್ಬೇಕು."

ಎಲ್ಲರೂ ನಕ್ಕರು. ಆಚಾರ್ರು ಕೂಡ ನಕ್ಕರು, ಆಮೇಲೆ ಪಂಚೆಯಲ್ಲಿ ಮುಖ ಒರೆಸಿಕೊಂಡರು. ನಾನೂ ಒಳಗೆ ಹೋಗಿ ನೋಡಿದೆ. ಎಡಗಣ್ಣಿನ ಗೆರೆ ಕೂದಲೆಳೆಯ ಹಾಗೆ ನಿಂತಿತ್ತು. ಬಲಗಣ್ಣಿನದು ಕೊನೆಯಲ್ಲಿ ಒಂದಿಷ್ಟು ಹೊರಗೆ ಹರಿದಿತ್ತು. ಗೊತ್ತಿಲ್ಲದವರಿಗೆ ಕಾಣುವಷ್ಟಲ್ಲ.

ದೆಹಲಿಯ ಒಪ್ಪಿಗೆ ಬರುತ್ತಿತ್ತೋ ಇಲ್ಲವೋ ನನಗೆ ಎಂದೂ ತಿಳಿಯಲಿಲ್ಲ. ನಾಗಮಂಗಲದ ರಿಜಿಸ್ಟರಿನಲ್ಲಿ ನಮ್ಮ ದಾವೆಯ ಎದುರು ತಿರಸ್ಕೃತ ಎಂದಷ್ಟೇ ಇದೆ. ಅಮ್ಮ ಯಾರ ಸ್ವತ್ತಾಗಿತ್ತೆಂದು ಯಾವ ಕೋರ್ಟೂ ಹೇಳಿಲ್ಲ, ಆ ದೇಶದ ದಫ್ತರಿನಲ್ಲಿ ಇವತ್ತಿಗೂ ಅದು ಅವರು ಕೊಟ್ಟ ಉಡುಗೊರೆಯೇ ಆಗಿರಬೇಕು. ಅದರ ಸಂಕಟ ಕಾಲ ಕಳೆದಂತೆ ಕಡಿಮೆಯಾಯಿತು. ಕೈ ಜಾರಿದ ಆ ಗೆರೆ ಮಾತ್ರ ಹಾಗೆಯೇ ಇದೆ. ನಾಲ್ಕು ದಿನ ಮೊದಲೇ ಸಹಿಯಾಗಿದ್ದರೆ ಪೆಟ್ಟಿಗೆ ನಾಲ್ಕು ದಿನ ಮೊದಲು ಬರುತ್ತಿತ್ತು. ಆ ಕೈ ನಾಲ್ಕು ದಿನ ಹೆಚ್ಚು ಗಟ್ಟಿಯಾಗಿರುತ್ತಿತ್ತೋ ಏನೋ. ಆಚಾರ್ರ ಹತ್ತಿರ ಇದನ್ನು ಕೇಳುವ ಧೈರ್ಯ ನನಗೆ ಅವರಿರುವವರೆಗೂ ಬರಲಿಲ್ಲ.